ಒಂದು ತಲೆ, ಎರಡು ಮೈ

ಪಿತ್ತನಾಳದಲ್ಲಿ ತೋಳಿನ ಸ್ನಾಯು ಇರುವುದಿಲ್ಲ. ಇರಬೇಕಾದ ಕಾರಣವೂ ಇಲ್ಲ. ಲಿವರ್ ತಯಾರಿಸಿದ ಪಿತ್ತರಸವನ್ನು ಸಣ್ಣಕರುಳಿಗೆ ತಂದು ಸುರಿಯುವುದಷ್ಟೇ ಅದರ ಕೆಲಸ. ಅದು ಭಾರ ಎತ್ತಬೇಕಿಲ್ಲ, ಓಡಬೇಕಿಲ್ಲ, ಏನನ್ನೂ ಬಿಗಿಯಾಗಿ ಹಿಡಿಯಬೇಕಿಲ್ಲ. ಮೂರು ವರ್ಷದ ಕೂಸಿನಲ್ಲಿ ಅದರ ಅಗಲ ಕೆಲವೇ ಮಿಲಿಮೀಟರ್. ಅಂಥ ನಾಳದ ಗೋಡೆಯೊಳಗಿಂದ, ತೀರ ಅಪರೂಪಕ್ಕೆ, ಯಾವುದೋ ಒಂದು ಮಗುವಿನಲ್ಲಿ ಗಡ್ಡೆಯೊಂದು ಬೆಳೆಯುತ್ತದೆ. ಅದರ ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಸ್ನಾಯುವಾಗಲು ಹೊರಟ ಜೀವಕೋಶಗಳು. ತೋಳಿನಲ್ಲಿ, ತೊಡೆಯಲ್ಲಿ, ನಾಲಗೆಯಲ್ಲಿ ಇರುವಂಥ, ನಾವು ಮನಸ್ಸು ಮಾಡಿ ಆಡಿಸುವ ಸ್ನಾಯು. ಆದರೆ ಅರ್ಧ ದಾರಿಯಲ್ಲೇ ನಿಂತಿವೆ. ಪೂರ್ತಿಯಾಗಲು ಗೊತ್ತಿಲ್ಲ, ಬೆಳೆಯುವುದನ್ನು ನಿಲ್ಲಿಸಲೂ ಗೊತ್ತಿಲ್ಲ.

ಇದಕ್ಕೆ ರಾಬ್ಡೊಮಯೊಸಾರ್ಕೋಮಾ ಎಂದು ಹೆಸರು. ಮಕ್ಕಳ ಮೆದು ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಹೆಚ್ಚು ಕಾಣುವುದು ಇದೇ. ಆದರೆ ಅದು ಸಾಮಾನ್ಯವಾಗಿ ಹುಟ್ಟುವ ಜಾಗಗಳು ಬೇರೆ: ಕಣ್ಣಿನ ಗೂಡು, ಮೂಗು ಗಂಟಲಿನ ಸುತ್ತ, ಮೂತ್ರಕೋಶ, ಕೈಕಾಲು. ಪಿತ್ತನಾಳದಲ್ಲಿ ಹುಟ್ಟುವುದು ಆ ಎಲ್ಲದರಲ್ಲಿ ನೂರಕ್ಕೆ ಒಂದೋ, ಅದಕ್ಕೂ ಕಡಿಮೆಯೋ. ಲಂಡನ್ನಿನ ಗೈಸ್ ಆಸ್ಪತ್ರೆಯ ಸ್ಯಾಮ್ಯುಯೆಲ್ ವಿಲ್ಕ್ಸ್ ಮತ್ತು ವಾಲ್ಟರ್ ಮಾಕ್ಸನ್ ಎಂಬ ವೈದ್ಯರು 1875ರಲ್ಲಿ ಇದನ್ನು ಮೊದಲ ಸಲ ಬರೆದಿಟ್ಟರು. ಅಂದಿನಿಂದ ಇಂದಿನವರೆಗೆ ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಇದು ಹೆಚ್ಚಾಗಿ ಒಂದೊಂದೇ ಮಗುವಿನ ಕಥೆಯಾಗಿ ಬರುತ್ತ ಬಂದಿದೆ. ಆ ಮಕ್ಕಳ ವಯಸ್ಸು ಬಹುಮಟ್ಟಿಗೆ ಎರಡರಿಂದ ಐದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕೂ ಊರುಗಳಲ್ಲಿ ದಿನಾ ನೂರಾರು ಮಕ್ಕಳನ್ನು ನೋಡುವ ಡಾಕ್ಟರು ಇದನ್ನು ಒಮ್ಮೆಯೂ ಕಾಣದೆ ನಿವೃತ್ತರಾಗಬಹುದು. ಅದು ಅವರ ಕೊರತೆಯಲ್ಲ, ಬರೀ ಲೆಕ್ಕ. ಆದರೆ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ. ಅಂಥ ಕೂಸು ಈ ಸೀಮೆಯಲ್ಲಿ ಎಂದಾದರೂ ಹುಟ್ಟಿದರೆ ಅದು ಮೊದಲು ಹೋಗುವುದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಲ್ಲ, ಓಣಿಯ ತುದಿಯ ದವಾಖಾನೆಗೆ. ಅದಕ್ಕೂ ಮೊದಲು ಅಜ್ಜಿಯ ತೊಡೆಗೆ. ನನ್ನನ್ನು ಕಾಡುವುದು ಈ ಸಂಗತಿ. ಯಾರೂ ಕಾಣದ್ದನ್ನು ಯಾರೋ ಒಬ್ಬರು ಮೊದಲ ಸಲ ಕಾಣಬೇಕು, ಅದೂ ಕಾಣುತ್ತೇನೆಂಬ ನಿರೀಕ್ಷೆಯೇ ಇಲ್ಲದೆ. ಇದು ಹೇಗೆ ಸಾಧ್ಯವಾಗುತ್ತದೆ?

ಕೂಸಿನ ಕಣ್ಣು ಹಳದಿಯಾದರೆ ನಮ್ಮ ಕಡೆ ಮೊದಲು ಬಾಯಿಗೆ ಬರುವುದು ಕಾಮಣಿ. ಓಣಿಯಲ್ಲಿ ಅದರ ಬಗ್ಗೆ ಗೊತ್ತಿಲ್ಲದವರು ಯಾರೂ ಇಲ್ಲ. ನೆಲನೆಲ್ಲಿ ಕಿತ್ತು ತಂದು ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಾರೆ. ಎಣ್ಣೆ, ತುಪ್ಪ, ಖಾರ ಬಂದ್. ಅನ್ನ ಮಜ್ಜಿಗೆ, ಕಬ್ಬಿನ ಹಾಲು. ಇಂಥ ಊರಲ್ಲಿ ಇಂಥವರು ಔಷಧ ಕೊಡುತ್ತಾರೆ, ಮೂರು ದಿನ ನಸುಕಿನಲ್ಲಿ ಹೋಗಬೇಕು ಎಂದು ಯಾರೋ ಹೇಳುತ್ತಾರೆ. ಮುಂಗೈಗೆ ಬರೆ ಎಳೆಯುವ ರೂಢಿಯೂ ಪೂರ್ತಿ ಹೋಗಿಲ್ಲ. ಅದೊಂದರ ಬಗ್ಗೆ ನನಗೆ ಎಳ್ಳಷ್ಟೂ ಮೃದುತ್ವ ಇಲ್ಲ. ಉಳಿದದ್ದನ್ನು ಮೂಢನಂಬಿಕೆ ಎಂದು ಜಾಡಿಸಿ ಒಗೆಯಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಅದರ ಹಿಂದೆ ಅನುಭವ ಇದೆ. ಮಕ್ಕಳ ಕಾಮಣಿ ಬಹಳಷ್ಟು ಸಲ ಹೆಪಟೈಟಿಸ್ ಎ ಎಂಬ ವೈರಸ್ಸಿನದು. ಕೆಟ್ಟ ನೀರಿನಿಂದ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೆಲನೆಲ್ಲಿ ಕುಡಿದ ಕೂಸೂ ಹುಷಾರಾಗುತ್ತದೆ, ಕುಡಿಯದ ಕೂಸೂ ಹುಷಾರಾಗುತ್ತದೆ, ಪುಣ್ಯವೆಲ್ಲ ಔಷಧ ಕೊಟ್ಟವರ ಖಾತೆಗೆ ಜಮಾ ಆಗುತ್ತದೆ. ಡಾಕ್ಟರ ಲಿವರ್ ಟಾನಿಕ್ಕಿಗೂ ಇದೇ ಮಾತು ಅನ್ವಯಿಸುತ್ತದೆ, ಅದನ್ನೂ ಇಲ್ಲೇ ಹೇಳಿಬಿಡುವುದು ನ್ಯಾಯ.

ಹೀಗೆ ಅನುಭವ ಬಹುಪಾಲು ಸಲ ನಿಜವನ್ನೇ ಹೇಳುತ್ತದೆ. ಅದರ ಅಪಾಯ ಇರುವುದೂ ಅಲ್ಲೇ. ನೂರು ಸಲ ನಿಜ ಹೇಳಿದ ಬಾಯಿಯನ್ನು ನೂರಾ ಒಂದನೆಯ ಸಲ ಯಾರು ಪ್ರಶ್ನಿಸುತ್ತಾರೆ? ಹತ್ತು ಮಕ್ಕಳನ್ನು ಸಾಕಿದ ಅಜ್ಜಿಗೂ ಇದೇ ತೊಡಕು, ಹತ್ತು ಸಾವಿರ ಮಕ್ಕಳನ್ನು ನೋಡಿದ ಡಾಕ್ಟರಿಗೂ ಇದೇ ತೊಡಕು. ಬೆರಗು ಹುಟ್ಟಲು ಅಜ್ಞಾನ ಬೇಕು ಎಂದು ನಾವು ಭಾವಿಸುತ್ತೇವೆ. ಏನೂ ತಿಳಿಯದ ಹುಡುಗ ನವಿಲು ಕಂಡು ಬಾಯಿ ಬಿಟ್ಟ ಹಾಗೆ ಅದು ಎಂದುಕೊಳ್ಳುತ್ತೇವೆ. ನನಗೆ ಈಗೀಗ ಬೇರೆಯೇ ಅನಿಸುತ್ತಿದೆ. ಎಲ್ಲ ತಿಳಿದ ಮೇಲೂ ಉಳಿಯುವ ಬೆರಗೊಂದಿದೆ, ಅದು ಕಲಿತು ಉಳಿಸಿಕೊಳ್ಳಬೇಕಾದದ್ದು. ಕಾಮಣಿಯ ಸಾವಿರ ಮುಖ ನೋಡಿದವನಿಗೇ ಈ ಒಂದು ಮುಖ ಆ ಸಾವಿರದಲ್ಲಿ ಸೇರುವುದಿಲ್ಲ ಎಂದು ಕಾಣಬೇಕು. ನೋಡದವನಿಗೆ ಅದು ಎಲ್ಲಿಂದ ಕಾಣಬೇಕು?

ಬಣ್ಣ ನೋಡುವುದನ್ನು ಇಳಕಲ್ಲಿನವರಿಗೆ ಯಾರೂ ಕಲಿಸಬೇಕಿಲ್ಲ. ಸೀರೆ ನೇಯುವ ಕುಣಿಮಗ್ಗದ ಮುಂದೆ ಬೆಳೆದವರು ಅವರು. ಗಿರಿಕುಂಕುಮ, ದಾಳಿಂಬರ ಎಂಬ ಎರಡು ಕೆಂಪುಗಳ ನಡುವಿನ ಅಂತರ ಹೊರಗಿನವರಿಗೆ ಕಾಣುವ ಮುಂಚೆ ಅವರಿಗೆ ಕಂಡಿರುತ್ತದೆ. ನೂಲಿನ ಲಡಿಯನ್ನು ಬಾಗಿಲ ಬೆಳಕಿಗೆ ಹಿಡಿದೇ ಬಣ್ಣ ಒಪ್ಪುತ್ತಾರೆ. ಕಾಮಣಿಯ ಹಳದಿಯೂ ಬಾಗಿಲ ಬೆಳಕನ್ನೇ ಕೇಳುತ್ತದೆ. ಕಣ್ಣಿನ ಬಿಳಿಭಾಗ ಹಳದಿ ಎಂದು ಬರಿಗಣ್ಣಿಗೆ ಕಾಣಬೇಕಾದರೆ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ಬಣ್ಣದ್ರವ್ಯ ಡೆಸಿಲೀಟರಿಗೆ ಎರಡು ಮೂರು ಮಿಲಿಗ್ರಾಮಿಗೆ ಏರಿರಬೇಕು. ಹಳದಿ ಬಲ್ಬಿನ ಕೆಳಗೆ ಅದೂ ಮುಚ್ಚಿಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಮೊದಲು ಕಂಡುಹಿಡಿಯುವವರು ತಾಯಿಯೂ ಅಲ್ಲ. ಮದುವೆಗೋ ಜಾತ್ರೆಗೋ ಬಂದ ಬೀಗರು ಅಂಗಳದಲ್ಲಿ ಕೂಸನ್ನು ಎತ್ತಿಕೊಂಡು, ಇದರ ಕಣ್ಣು ಯಾಕೆ ಹಿಂಗ ಅದಾವ ಎನ್ನುತ್ತಾರೆ. ದಿನಾ ನೋಡುವ ಕಣ್ಣಿಗೆ ದಿನಾ ಒಂದೊಂದು ಎಳೆ ಏರುವ ಬಣ್ಣ ಕಾಣುವುದಿಲ್ಲ.

ಕಣ್ಣಿನ ಹಳದಿಗಿಂತ ಹೆಚ್ಚು ಹೇಳುವ ಬಣ್ಣ ಇನ್ನೊಂದಿದೆ. ಅದನ್ನು ತಾಯಿ ಮಾತ್ರ ನೋಡಿರುತ್ತಾಳೆ. ಪಿತ್ತರಸದ ಬಣ್ಣವೇ ಮಲಕ್ಕೆ ಕಂದು ಬಣ್ಣ ಕೊಡುವುದು. ನಾಳ ಕಟ್ಟಿಕೊಂಡರೆ ಆ ಬಣ್ಣ ಕರುಳಿಗೆ ಇಳಿಯದೆ ರಕ್ತಕ್ಕೆ ಹಿಂದಿರುಗುತ್ತದೆ. ಕಣ್ಣು ಮೈ ಹಳದಿಯಾಗುತ್ತವೆ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿಕೊಳ್ಳುತ್ತದೆ, ಪಿತ್ತದ ಲವಣಗಳು ಚರ್ಮದಲ್ಲಿ ಸೇರಿ ಮೈಯೆಲ್ಲ ನವೆ ಏಳುತ್ತದೆ. ಪಿತ್ತವಿಲ್ಲದೆ ಜಿಡ್ಡು ಅರಗುವುದಿಲ್ಲ. ಶೇಂಗಾ ಹಿಂಡಿ, ತುಪ್ಪ ಎಂದರೆ ಕುಣಿಯುತ್ತಿದ್ದ ಕೂಸು ಮುಖ ತಿರುಗಿಸುತ್ತದೆ. "ಹೊರಕಡಿ ಸುಣ್ಣದಂಗ ಬೆಳ್ಳಗ ಹೊಂಟೈತ್ರಿ, ರಾತ್ರಿಯೆಲ್ಲಾ ಮೈ ಕೆರಕೋತೈತ್ರಿ" ಎಂದು ಒಬ್ಬ ತಾಯಿ ಹೇಳಿದಳೆಂದರೆ ಅವಳು ಅರ್ಧ ರೋಗನಿದಾನವನ್ನು ಮಾಡಿಯೇ ತಂದಿದ್ದಾಳೆ. ಆದರೆ ಅದು ಹೇಸಿಗೆಯ ಮಾತು. ಕೇಳದೆ ಅವಳು ಹೇಳುವುದಿಲ್ಲ, ಗಂಡಸರು ನಿಂತಿದ್ದರೆ ಕೇಳಿದರೂ ಹೇಳುವುದಿಲ್ಲ. ಹೊರಗೆ ನಲವತ್ತು ಜನ ಚೀಟಿ ಹಿಡಿದು ಕೂತಿರುವಾಗ ಡಾಕ್ಟರಿಗೂ ಕೇಳಲು ಪುರುಸೊತ್ತಿಲ್ಲ. ಅಪರೂಪದ ರೋಗ ಕೈತಪ್ಪುವುದು ಬಹಳ ಸಲ ವಿದ್ಯೆಯ ಕೊರತೆಯಿಂದಲ್ಲ, ಈ ಒಂದು ಪ್ರಶ್ನೆ ಕೇಳದೆ ಬಿಟ್ಟದ್ದರಿಂದ ಎಂದು ನನ್ನ ಗುಮಾನಿ.

ಬಾದಾಮಿಯ ಒಂದನೆಯ ಗುಹೆಗೆ ಮೆಟ್ಟಿಲು ಹತ್ತಿದವರು ಹದಿನೆಂಟು ಕೈಯ ನಟರಾಜನ ಮುಂದೆ ನಿಂತು, ಫೋಟೊ ತೆಗೆಸಿಕೊಂಡು, ಎರಡನೆಯ ಗುಹೆಯ ಕಡೆ ನಡೆದುಬಿಡುತ್ತಾರೆ. ಅದೇ ಗುಹೆಯ ಇನ್ನೊಂದು ಬದಿಗೆ ತ್ರಿಶೂಲ ಹಿಡಿದ ದ್ವಾರಪಾಲಕನೊಬ್ಬ ನಿಂತಿದ್ದಾನೆ. ಅವನ ಕೆಳಗೆ ಸಣ್ಣದೊಂದು ಕೆತ್ತನೆ ಇದೆ. ಒಂದು ಆನೆ, ಒಂದು ಎತ್ತು, ಎರಡಕ್ಕೂ ಸೇರಿ ಒಂದೇ ತಲೆ. ಒಂದು ಮಗ್ಗುಲಿನಿಂದ ನೋಡಿದರೆ ಸೊಂಡಿಲು ಚಾಚಿದ ಆನೆ, ಇನ್ನೊಂದು ಮಗ್ಗುಲಿನಿಂದ ನೋಡಿದರೆ ಕತ್ತೆತ್ತಿದ ಎತ್ತು. ಗೈಡ್ ಒಂದು ಮೈಯನ್ನು ಕೈಯಿಂದ ಮುಚ್ಚಿ ಇದು ಆನೆ ಎನ್ನುತ್ತಾನೆ, ಇನ್ನೊಂದನ್ನು ಮುಚ್ಚಿ ಇದು ಎತ್ತು ಎನ್ನುತ್ತಾನೆ. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದು, ಇದೂ ಅದರ ಆಸುಪಾಸಿನ ಕಾಲದ್ದೇ. ಹದಿನಾಲ್ಕು ಶತಮಾನದ ಹಿಂದಿನ ಆ ಶಿಲ್ಪಿಗೆ ಗೊತ್ತಿದ್ದದ್ದು ಇಷ್ಟು: ಗೆರೆ ಒಂದೇ ಆದರೂ ನೋಟ ಎರಡಾಗಬಹುದು, ಮತ್ತು ಎರಡನ್ನೂ ಒಂದೇ ಗಳಿಗೆಯಲ್ಲಿ ನೋಡಲು ಮನುಷ್ಯನ ಕಣ್ಣಿಗೆ ಆಗುವುದಿಲ್ಲ.

ಪಿತ್ತನಾಳದ ಗಡ್ಡೆಯ ಮೊದಲ ಸ್ಕ್ಯಾನಿಂಗ್ ನಡೆಯುವ ಕತ್ತಲೆ ಕೋಣೆಯಲ್ಲೂ ಇದೇ ಆಗುತ್ತದೆ. ಮಗುವಿನ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಸಲಕರಣೆ ಆಡಿಸಿದಾಗ ಪರದೆಯ ಮೇಲೆ ಉಬ್ಬಿದ ನಾಳ ಕಾಣುತ್ತದೆ, ಒಳಗೆ ಏನೋ ತುಂಬಿದಂತೆ ಕಾಣುತ್ತದೆ. ಇದನ್ನು ಕಂಡ ಕೂಡಲೇ ಕಲಿತ ಕಣ್ಣು ಹೇಳುವುದು ಪಿತ್ತನಾಳದ ಚೀಲ ಎಂದು. ಹುಟ್ಟಿನಿಂದಲೇ ನಾಳ ಹಿಗ್ಗಿ ಚೀಲದಂತಾಗುವ ಆ ತೊಂದರೆ ಗಡ್ಡೆಗಿಂತ ಎಷ್ಟೋ ಪಾಲು ಹೆಚ್ಚು ಕಾಣುವಂಥದ್ದು, ಅದರಲ್ಲೂ ಹೆಣ್ಣುಮಕ್ಕಳಲ್ಲಿ. ಅದಕ್ಕೂ ಇದೇ ಹಳದಿ, ಇದೇ ಹೊಟ್ಟೆನೋವು, ಇದೇ ಹೊಟ್ಟೆಯ ಉಬ್ಬು. ಒಳಗೆ ತುಂಬಿದ್ದು ಗಟ್ಟಿಯಾದ ಪಿತ್ತದ ಕೆಸರು ಎಂದುಕೊಂಡರೆ ಚಿತ್ರ ಪೂರ್ಣ. ಎತ್ತು ಎಂದು ಒಮ್ಮೆ ಕಂಡಮೇಲೆ ಅದು ಎತ್ತೇ. ಆನೆಯ ಸೊಂಡಿಲು ಆಮೇಲೆ ಎತ್ತಿನ ಕೋಡಾಗಿಯೇ ಕಾಣುತ್ತದೆ. ಚೀಲ ತೆಗೆಯುತ್ತೇವೆಂದು ಹೊಟ್ಟೆ ಕೊಯ್ದ ಸರ್ಜನ್ನರು ನಾಳದೊಳಗೆ ಲೋಳೆಲೋಳೆಯಾದ, ಮೆತ್ತನೆಯ, ದ್ರಾಕ್ಷಿ ಗೊಂಚಲಿನಂಥ ಬೆಳವಣಿಗೆ ಕಂಡು ಕೈ ನಿಲ್ಲಿಸಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ.

ಆದರೆ ಕೆಸರಿಗೆ ರಕ್ತನಾಳ ಇರುವುದಿಲ್ಲ. ನನಗೆ ಇಡೀ ವಿಷಯದಲ್ಲಿ ತೀರ ಮೆಚ್ಚುಗೆಯಾದ ಸಂಗತಿ ಇದು, ಎಷ್ಟು ಸರಳವೋ ಅಷ್ಟು ಗಟ್ಟಿ. ಅದೇ ಸ್ಕ್ಯಾನಿಂಗ್ ಯಂತ್ರದಲ್ಲಿ ಡಾಪ್ಲರ್ ಎಂಬ ಗುಂಡಿ ಇರುತ್ತದೆ, ಹರಿಯುವ ರಕ್ತವನ್ನು ಅದು ಬಣ್ಣವಾಗಿ ತೋರಿಸುತ್ತದೆ. ಗುಂಡಿ ಒತ್ತಿದಾಗ ನಾಳದೊಳಗಿನ ಆ ಬೂದು ರಾಶಿಯಲ್ಲಿ ಒಂದೆರಡು ಕೆಂಪು ನೀಲಿ ಚುಕ್ಕೆ ಮಿಡಿದರೆ ಅದು ಕೆಸರಲ್ಲ, ಜೀವ ಇರುವ ಮಾಂಸ. ಮಿಡಿಯದೆಯೂ ಇರಬಹುದು, ಆಗ ಬಣ್ಣದ ಔಷಧ ಕೊಟ್ಟು ಮಾಡುವ ಎಂ.ಆರ್.ಐ. ಬೇಕಾಗುತ್ತದೆ, ಬಾಯಿಯಿಂದ ಕೊಳವೆ ಇಳಿಸಿಯೋ ಚರ್ಮದ ಮೂಲಕ ಸೂಜಿ ಹಾಕಿಯೋ ಚೂರು ತೆಗೆಯಬೇಕಾಗುತ್ತದೆ. ಮೊದಲ ಹೆಜ್ಜೆ ಮಾತ್ರ ಆ ಗುಂಡಿಯೇ. ಯಂತ್ರ ಬಾಗಲಕೋಟೆಯಲ್ಲೂ ಇದೆ, ಇಳಕಲ್ಲಿನಲ್ಲೂ ಇದೆ. ಅದನ್ನು ಒತ್ತಲು, ಇದು ಕೆಸರೇ ಹೌದೆ ಎಂಬ ಅನುಮಾನ ಒಂದು ಕ್ಷಣ ಸುಳಿಯಬೇಕು. ಯಂತ್ರಕ್ಕೆ ಆ ಅನುಮಾನ ಬರುವುದಿಲ್ಲ.

ಹಾಗಂತ ಎಲ್ಲದಕ್ಕೂ ಅನುಮಾನ ಪಡುತ್ತ ಕೂತರೆ ಬಡವರ ಮನೆ ಮುಳುಗುತ್ತದೆ. ಕಣ್ಣು ಹಳದಿಯಾದ ಪ್ರತಿ ಕೂಸನ್ನೂ ಎಂ.ಆರ್.ಐ. ಯಂತ್ರಕ್ಕೆ ಮಲಗಿಸುವ ಡಾಕ್ಟರು ಒಳ್ಳೆಯ ಡಾಕ್ಟರಲ್ಲ, ಸಾಲ ಮಾಡಿಸುವವರು. ಬೆರಗಿಗೂ ಒಂದು ಅಳತೆ, ಒಂದು ಹೊತ್ತು ಇದೆ. ಜ್ವರ, ವಾಂತಿ, ಆಮೇಲೆ ಹಳದಿ, ಒಂದೆರಡು ವಾರಕ್ಕೆ ಹಸಿವು ಮರಳಿತು ಎಂದಾದರೆ ಅದು ತನ್ನ ದಾರಿ ಹಿಡಿದ ಕಾಮಣಿ. ಹಳದಿ ದಿನದಿಂದ ದಿನಕ್ಕೆ ಗಾಢವಾಗುತ್ತಿದೆ, ಮಲ ಬಿಳಿಯಾಗಿಯೇ ಉಳಿದಿದೆ, ನವೆ ಇದೆ, ರಕ್ತದ ರಿಪೋರ್ಟಿನಲ್ಲಿ ನೇರ ಬಿಲಿರುಬಿನ್ ಹೆಚ್ಚಿದೆ, ಆಲ್ಕಲೈನ್ ಫಾಸ್ಫಟೇಸ್ ಏರಿದೆ ಎಂದಾದರೆ ಎಲ್ಲೋ ದಾರಿ ಕಟ್ಟಿದೆ. ಕಟ್ಟಿದ್ದು ಕಲ್ಲೋ, ಜಂತುವೋ, ಚೀಲವೋ, ಮತ್ತೇನೋ, ಆ ಹೆಸರು ಹುನಗುಂದದ ಡಾಕ್ಟರಿಗೆ ಆ ದಿನವೇ ಗೊತ್ತಾಗಬೇಕಿಲ್ಲ. ಇದು ಹೊಂದುತ್ತಿಲ್ಲ ಎಂಬುದಷ್ಟು ಗೊತ್ತಾದರೆ ಸಾಕು.

ಅಮೆರಿಕದಲ್ಲಿ 1972ರಲ್ಲಿ ಹಲವಾರು ಆಸ್ಪತ್ರೆಗಳು ಸೇರಿ ಈ ಜಾತಿಯ ಗಡ್ಡೆಗಳ ಅಧ್ಯಯನ ಶುರು ಮಾಡಿದವು. ಒಬ್ಬೊಬ್ಬರೇ ನೋಡಿದರೆ ಯಾರ ಕೈಗೂ ಸಾಕಷ್ಟು ಮಕ್ಕಳು ಸಿಗುವುದಿಲ್ಲ, ಎಲ್ಲರೂ ಒಂದೇ ಪದ್ಧತಿಯಲ್ಲಿ ಚಿಕಿತ್ಸೆ ಮಾಡಿ ಲೆಕ್ಕ ಒಟ್ಟಿಗೆ ಇಡೋಣ ಎಂಬ ತೀರ್ಮಾನ ಅದು. 1998ರವರೆಗಿನ ನಾಲ್ಕು ಸುತ್ತುಗಳಲ್ಲಿ ಪಿತ್ತನಾಳದ್ದು ಎಂದು ಸಿಕ್ಕವರು 25 ಮಕ್ಕಳು. ಅಷ್ಟು ದೊಡ್ಡ ದೇಶದ ಅಷ್ಟೊಂದು ಆಸ್ಪತ್ರೆಗಳು ಇಪ್ಪತ್ತಾರು ವರ್ಷ ಕಾದು ಕೂಡಿಹಾಕಿದ ಸಂಖ್ಯೆ ಅದು, ನಮ್ಮ ಒಂದು ಅಂಗನವಾಡಿಯ ಹಾಜರಿಯಷ್ಟು. ಆ 25 ಮಕ್ಕಳಿಂದ ಕಲಿತದ್ದು ದೊಡ್ಡದು. 2000ನೇ ಇಸವಿಯಲ್ಲಿ ಪ್ರಕಟವಾದ ಆ ವರದಿ ಹೇಳಿದ್ದು, ಗಡ್ಡೆಯನ್ನು ಬೇರುಸಹಿತ ಕಿತ್ತೇಬಿಡುತ್ತೇವೆಂಬ ದೊಡ್ಡ ಶಸ್ತ್ರಕ್ರಿಯೆಗೆ ಮೊದಲೇ ಕೈ ಹಾಕಬೇಕಿಲ್ಲ ಎಂದು. ಪೂರ್ತಿ ತೆಗೆಯಲು ಸಾಧ್ಯವಾದದ್ದೇ ಕೆಲವರಲ್ಲಿ. ಆದರೂ ಔಷಧ ಮತ್ತು ಕಿರಣ ಚಿಕಿತ್ಸೆಯಿಂದ ಐದು ವರ್ಷ ದಾಟಿ ಬದುಕುವವರ ಪ್ರಮಾಣ ನೂರಕ್ಕೆ 66 ಎಂದು ಅಂದಾಜಾಯಿತು. ಔಷಧಗಳು ಬರುವ ಮುಂಚಿನ ಕಾಲದಲ್ಲಿ ಬದುಕಿದವರನ್ನು ಹುಡುಕಬೇಕಿತ್ತು. ಅಲ್ಲಿಗೆ ಮೊದಲ ಸ್ಕ್ಯಾನಿಂಗಿನ ಬೆಲೆ ಗೊತ್ತಾಗುತ್ತದೆ. ಚೀಲವಾದರೆ ಕತ್ತಿ ಮೊದಲು, ಗಡ್ಡೆಯಾದರೆ ಔಷಧ ಮೊದಲು.

ತೆಗೆದ ಚೂರು ಪ್ರಯೋಗಾಲಯಕ್ಕೆ ಹೋದ ಮೇಲೆ ಇನ್ನೊಂದು ಸುತ್ತಿನ ಅನುಮಾನ. ಮಕ್ಕಳ ಕ್ಯಾನ್ಸರುಗಳಲ್ಲಿ ಹಲವು, ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುತ್ತವೆ: ಸಣ್ಣ, ದುಂಡನೆಯ, ನೀಲಿ ಬಣ್ಣ ಹೀರಿದ ಕೋಶಗಳು. ಯಾವುದು ಯಾರ ಮನೆಯದು ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ಅದೃಷ್ಟವಿದ್ದರೆ ಒಂದೆರಡು ಕೋಶಗಳಲ್ಲಿ ಸ್ನಾಯುವಿನ ಅಡ್ಡಪಟ್ಟೆಗಳು ಕಾಣುತ್ತವೆ. ಇಲ್ಲವಾದರೆ ಡೆಸ್ಮಿನ್, ಮಯೊಜೆನಿನ್, ಮಯೊ-ಡಿ ಎಂಬ ಪ್ರೋಟೀನುಗಳನ್ನು ಹುಡುಕಿ ಬಣ್ಣ ಹಚ್ಚುವ ಪರೀಕ್ಷೆ ಮಾಡಬೇಕು. ಮಯೊ-ಡಿಯ ಕಥೆ ಕೇಳಿದ ಮೇಲೆ ಆ ಪರೀಕ್ಷೆಯಲ್ಲಿ ಕಂದು ಬಣ್ಣ ಹಿಡಿದ ಗಾಜಿನ ಪಟ್ಟಿಯನ್ನು ನಾನು ಮೊದಲಿನ ಹಾಗೆ ನೋಡಲಾರೆ. 1987ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ತಂಡ ಮಯೊ-ಡಿ ತಯಾರಿಸುವ ಒಂದೇ ಒಂದು ಜೀನನ್ನು, ಸ್ನಾಯುವಿಗೆ ಸಂಬಂಧವೇ ಇಲ್ಲದ ಇಲಿಯ ಕೋಶಗಳೊಳಗೆ ಚಾಲೂ ಮಾಡಿತು. ಆ ಕೋಶಗಳು ಸ್ನಾಯುವಾಗತೊಡಗಿದವು. ಏನಾಗಬೇಕೆಂದು ಒಮ್ಮೆ ತೀರ್ಮಾನಿಸಿಬಿಟ್ಟಿದ್ದ ಜೀವಕೋಶ, ಒಂದು ಸೂಚನೆಗೆ ತನ್ನ ಕುಲವನ್ನೇ ಬದಲಿಸಿತು. ಅಂದು ಅದು ಯಾವ ರೋಗಕ್ಕೂ ಉತ್ತರವಾಗಿರಲಿಲ್ಲ, ಬಸಿರಿನೊಳಗೆ ಸ್ನಾಯು ಹೇಗೆ ಸ್ನಾಯುವಾಗುತ್ತದೆ ಎಂಬ ಕುತೂಹಲ ಮಾತ್ರ. ಇಂದು ಯಾವುದೋ ಊರಿನ ಮಗುವಿನ ಪಿತ್ತನಾಳದ ಚೂರಿಗೆ ಹೆಸರಿಡುವುದು ಅದೇ ಪ್ರೋಟೀನು.

ಆದರೆ ಪಿತ್ತನಾಳದಲ್ಲೇ ಯಾಕೆ? ಬಸಿರಿನಲ್ಲಿ ಮಗು ಮೂಡುವಾಗ ದಾರಿ ತಪ್ಪಿ ಅಲ್ಲಿ ಉಳಿದ ಎಳೆಯ ಕೋಶಗಳಿಂದ ಎಂದು ಕೆಲವರ ವಾದ. ಬೇರೇನೋ ಆಗಬೇಕಿದ್ದ ಕೋಶ ತಪ್ಪು ಸೂಚನೆಗೆ ಸ್ನಾಯುವಿನ ಹಾದಿ ಹಿಡಿಯಿತು ಎಂದು ಇನ್ನು ಕೆಲವರದ್ದು. ವಿಜ್ಞಾನ ಇನ್ನೂ ತೀರ್ಪು ಕೊಟ್ಟಿಲ್ಲ. ತಾಯಿ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ, ಯಾರದೋ ಕಣ್ಣು ಬಿದ್ದದ್ದರಿಂದ ಅಂತೂ ಖಂಡಿತ ಅಲ್ಲ. ಇದನ್ನು ಬರೆಯಲೇಬೇಕು. ಇಂಥ ರೋಗ ಬಂದ ಮನೆಯಲ್ಲಿ ಮೊದಲ ಬೆರಳು ತಿರುಗುವುದು ಹೆತ್ತವಳ ಕಡೆಗೇ.

ಔಷಧಗಳ ಮಾತಿಗೆ ಬಂದರೆ ನನ್ನ ತಲೆ ಇನ್ನೊಮ್ಮೆ ತಿರುಗುತ್ತದೆ. ಮುಖ್ಯವಾದವು ಮೂರು. ಒಂದು ವಿನ್‌ಕ್ರಿಸ್ಟಿನ್. ಮಡಗಾಸ್ಕರ್ ಮೂಲದ, ನಮ್ಮ ಅಂಗಳಗಳಲ್ಲಿ, ಗುಡಿಯ ಹಿಂದಿನ ಕಲ್ಲುಸಂದಿಗಳಲ್ಲಿ ನೀರಿಲ್ಲದೆಯೂ ಅರಳುವ ನಿತ್ಯಪುಷ್ಪದ ಎಲೆಯಿಂದ ಬಂದದ್ದು. ಕೆಲವರು ಅದನ್ನು ಕಾಶಿ ಕಣಗಿಲೆ ಎನ್ನುತ್ತಾರೆ. ಕೆನಡಾದಲ್ಲಿ 1950ರ ದಶಕದಲ್ಲಿ ಆ ಗಿಡದ ಬೆನ್ನು ಹತ್ತಿದವರು ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಿದ್ದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿದವು. ಯಾಕೆ ಹೀಗಾಯಿತು ಎಂದು ಅವರು ನಿಂತು ನೋಡಿದರು. ಎರಡನೆಯದು ಆಕ್ಟಿನೊಮೈಸಿನ್, 1940ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಪ್ರಯೋಗಾಲಯದಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸಿಕ್ಕಿದ್ದು. ಮೂರನೆಯದು ಸೈಕ್ಲೊಫಾಸ್ಫಮೈಡ್, ಅದರ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ 1917ರಲ್ಲಿ ಯುರೋಪಿನ ರಣಾಂಗಣದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಸಿಗುತ್ತದೆ. ಹೂವು, ಮಣ್ಣು, ಯುದ್ಧ. ಮೂರೂ ಒಂದೇ ಸಲಾಯಿನ್ ನಳಿಕೆಯಲ್ಲಿ ಹದಿನಾಲ್ಕು ಕಿಲೋ ತೂಕದ ಕೂಸಿನ ಮೈಗೆ ಇಳಿಯುತ್ತವೆ.

ಇಲ್ಲಿ ಯಾರಾದರೂ ನನ್ನನ್ನು ತಡೆದು ಕೇಳಬಹುದು: ಕೂಸು ಸಾಯುವ ರೋಗದಲ್ಲಿ ನಿನಗೆ ಬೆರಗು ಕಾಣುತ್ತದೆಯೆ? ಪ್ರಶ್ನೆ ನ್ಯಾಯವಾದದ್ದು. ನೂರಕ್ಕೆ 66 ಎಂದು ಬರೆದ ಕೈ ಉಳಿದ ಮೂವತ್ತನಾಲ್ಕನ್ನೂ ಬರೆದಂತೆಯೇ. ಆ ತಾಯಂದಿರ ಮುಂದೆ ಜೀವಕೋಶದ ಸೋಜಿಗ ಹೇಳುವ ಧೈರ್ಯ ನನಗಿಲ್ಲ, ಇರಲೂಬಾರದು. ನಾನು ಹೇಳುವುದು ಇಷ್ಟೇ. ಮರುಕ ಮಾತ್ರ ಇದ್ದವರು ಆ ಮಕ್ಕಳ ತಲೆ ನೇವರಿಸಿದರು, ಅದು ಬೇಕು. ಸತ್ತ ಮಗುವಿನ ನಾಳದಲ್ಲಿ ಸ್ನಾಯುವಿನ ಪಟ್ಟೆ ಕಂಡು, ಇದು ಇಲ್ಲಿ ಹೇಗೆ ಬಂತು ಎಂದು ಕೇಳಿಕೊಂಡವರು ಮುಂದಿನ ಮಗುವಿಗೆ ದಾರಿ ತೆಗೆದರು. ಎರಡೂ ಒಬ್ಬರಲ್ಲೇ ಇದ್ದರೆ ಒಳ್ಳೆಯದು, ಇರುತ್ತವೆಂಬ ಖಾತರಿ ಇಲ್ಲ.

ಬಾಗಲಕೋಟೆಯ ನವನಗರದಲ್ಲಿ, ಊರಿನ ಒಂದು ಭಾಗ ಆಲಮಟ್ಟಿ ಹಿನ್ನೀರಿಗೆ ಹೋಗುತ್ತದೆಂದು ಕಟ್ಟಿದ ಆ ಹೊಸ ಬಡಾವಣೆಯಲ್ಲಿ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಮತ್ತು ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆ ಇವೆ. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಸಂಸ್ಥೆಗಳು ಅವು. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದ ಸ್ವಾಮಿಗಳ ಹೆಸರೇ ಆಸ್ಪತ್ರೆಗೂ. ಇಳಕಲ್, ಹುನಗುಂದ, ಅಮೀನಗಡದ ಕಡೆಯಿಂದ ಕೂಸನ್ನು ಕಟ್ಟಿಕೊಂಡು ಬರುವವರಿಗೆ ಇದೇ ಮೊದಲ ದೊಡ್ಡ ಬಾಗಿಲು. ಅಲ್ಲಿಂದ ಮುಂದೆ ಹುಬ್ಬಳ್ಳಿಗೋ ಬೆಳಗಾವಿಗೋ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಪ್ರಯಾಣ. ರಾತ್ರಿಯ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮಡಿಲ ಕೂಸಿನ ಜೊತೆ ಹೋಗುವ ಕುಟುಂಬಗಳಲ್ಲಿ ಎಷ್ಟು ಜನ ತೀರ್ಥಕ್ಕೆ ಹೊರಟವರು, ಎಷ್ಟು ಜನ ಆಸ್ಪತ್ರೆಗೆ ಹೊರಟವರು ಎಂದು ಗಂಟು ನೋಡಿ ಹೇಳಲು ಬರುವುದಿಲ್ಲ. ಬಿಪಿಎಲ್ ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ತಿಂಗಳುಗಟ್ಟಲೆ ಮಗ್ಗ ನಿಂತರೆ ಆಗುವ ನಷ್ಟ ಮಾತ್ರ ಆ ಲೆಕ್ಕದಲ್ಲಿ ಬರುವುದಿಲ್ಲ.

ಬಯಾಪ್ಸಿಯ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ ಸಣ್ಣ ಬಿಲ್ಲೆ ಮಾಡುತ್ತಾರೆ. ಎರಡನೆಯ ಅಭಿಪ್ರಾಯಕ್ಕೆ ಬೇರೆ ಊರಿಗೆ ಒಯ್ಯಬೇಕಾದರೆ ಅದನ್ನು ಪ್ಲಾಸ್ಟಿಕ್ ಪುಡಿಕೆಯಲ್ಲಿ ಹಾಕಿ ಮನೆಯವರ ಕೈಗೇ ಕೊಡುವುದುಂಟು. ಅಪ್ಪನಾದವನು ಅದನ್ನು ಅಂಗಿಯ ಜೇಬಿನಲ್ಲಿ, ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡು ರೈಲು ಹತ್ತುತ್ತಾನೆ. ಬಿಸಿಲಿಗೆ ಇಡಬೇಡಿ, ಕರಗುತ್ತದೆ ಎಂದು ಹೇಳಿರುತ್ತಾರೆ. ಆ ಬಿಲ್ಲೆಯೊಳಗೆ ಏನಿದೆ ಎಂದು ಅವನಿಗೆ ಯಾರೂ ವಿವರಿಸಿರುವುದಿಲ್ಲ. ವಿವರಿಸಿದರೆ ಅವನಿಗೆ ತಿಳಿಯುವುದಿಲ್ಲ ಎಂದು ನಾವು ತೀರ್ಮಾನಿಸಿರುತ್ತೇವೆ. ಬಾದಾಮಿಯ ಆನೆ ಎತ್ತನ್ನು ಚಿಕ್ಕಂದಿನಲ್ಲೇ ನೋಡಿದವನಿಗೆ ಇದು ತಿಳಿಯದೇನು?

ಕೊನೆಯದಾಗಿ ಒಂದು ಸಂಗತಿ. ಇದಕ್ಕೆ ನಾನು ಇನ್ನೂ ಒಗ್ಗಿಕೊಂಡಿಲ್ಲ. ತಿಂಗಳುಗಳ ಔಷಧ ಮುಗಿದ ಮೇಲೆ, ಗಡ್ಡೆ ಇದ್ದ ಜಾಗದಲ್ಲಿ ಸ್ಕ್ಯಾನಿಂಗಿನಲ್ಲಿ ಏನೋ ಉಳಿದಂತೆ ಕಂಡರೆ ಮತ್ತೆ ಚೂರು ತೆಗೆದು ನೋಡುತ್ತಾರೆ. ಈ ಜಾತಿಯ ಗಡ್ಡೆಗಳಲ್ಲಿ, ಮುಖ್ಯವಾಗಿ ಮೂತ್ರಕೋಶದವುಗಳಲ್ಲಿ ಕಂಡದ್ದಿದು. ಹುಚ್ಚಾಪಟ್ಟೆ ಬೆಳೆಯುತ್ತಿದ್ದ ದುಂಡು ಕೋಶಗಳೆಲ್ಲ ಸತ್ತಿರುತ್ತವೆ. ಉಳಿದ ಕೆಲವು ಕೋಶಗಳು ಮಾತ್ರ ಬಲಿತಿರುತ್ತವೆ. ಉದ್ದವಾಗಿ, ಅಡ್ಡಪಟ್ಟೆಗಳೊಂದಿಗೆ, ಹೆಚ್ಚುಕಡಿಮೆ ನಿಜವಾದ ಸ್ನಾಯುವಿನ ಹಾಗೆ. ಅರ್ಧಕ್ಕೆ ನಿಂತ ಕೆಲಸವನ್ನು ಅಷ್ಟು ವಿಷ ಉಂಡ ಮೇಲೆ ಮುಗಿಸಿಕೊಂಡು, ಬೆಳೆಯುವುದನ್ನು ಬಿಟ್ಟು ಸುಮ್ಮನೆ ಕೂತಿರುತ್ತವೆ. ಅಂಥವನ್ನು ಕ್ಯಾನ್ಸರ್ ಎಂದು ಕರೆದು ಇನ್ನೊಂದು ಶಸ್ತ್ರಕ್ರಿಯೆ ಮಾಡಬೇಕೋ, ಹಾಗೇ ಬಿಟ್ಟು ಆಗಾಗ ಸ್ಕ್ಯಾನ್ ಮಾಡುತ್ತ ಕಾಯಬೇಕೋ ಎಂದು ತಜ್ಞರಲ್ಲಿ ಚರ್ಚೆ ನಡೆದಿದೆ. ಕಾಯೋಣ ಎನ್ನುವವರ ಕಡೆಗೆ ತಕ್ಕಡಿ ವಾಲಿದೆ.